ಹೊಡೆದವನ ಮನಸ್ಸು, ಹೊಡೆಸಿಕೊಂಡವನ ಬೆನ್ನು

ಒಂದು ಕಾಗದದ ತುಂಡಿನಿಂದ ಶುರುವಾದ ಪ್ರಕರಣ ಇದು. 2010ರ ಮೇ 20ರ ಸಂಜೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಕೌಂಟಿ ಜೈಲಿನಲ್ಲಿ ಸಿಬ್ಬಂದಿಯೊಬ್ಬ ಕೋಣೆಗಳನ್ನು ನೋಡುತ್ತಾ ಬಂದ. ಒಬ್ಬ ಕೈದಿಯ ಮಂಚದ ಮೇಲಿದ್ದ ದೀಪಕ್ಕೆ ಕಾಗದ ಮುಚ್ಚಲಾಗಿತ್ತು. ತೆಗೆ ಎಂದ. ಕೈದಿ ತೆಗೆಯಲಿಲ್ಲ. ಇನ್ನೊಬ್ಬ ಬಂದು ಹೇಳಿದ, ಆಗಲೂ ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಮೂರನೆಯವನು ಹೇಳಿದ, ಕೊನೆಗೆ ಜೈಲಿನ ಮೇಲಧಿಕಾರಿಯೇ ಹೇಳಿದ. ಆತ ಒಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ನಾಲ್ವರು ಸಿಬ್ಬಂದಿ ಬಂದರು. ಕೈಕೋಳ ತೊಡಿಸಿ, ಬಲವಂತವಾಗಿ ಹೊರಗೆಳೆದು, ಹೊತ್ತೊಯ್ದು ಇನ್ನೊಂದು ಕೋಣೆಯ ಕಾಂಕ್ರೀಟ್ ಹಾಸಿನ ಮೇಲೆ ಬೋರಲು ಮಲಗಿಸಿದರು. ಕೈಗಳು ಬೆನ್ನ ಹಿಂದೆ ಕಟ್ಟಿಯೇ ಇದ್ದವು.

ಅಲ್ಲಿ ನಡೆದದ್ದರ ಬಗ್ಗೆ ಎರಡು ಹೇಳಿಕೆಗಳಿವೆ. ತನ್ನ ತಲೆಯನ್ನು ಕಾಂಕ್ರೀಟಿಗೆ ಅಪ್ಪಳಿಸಿದರು ಎಂದು ಕೈದಿ ಹೇಳಿದ. ಸಿಬ್ಬಂದಿ ಅದನ್ನು ಅಲ್ಲಗಳೆದರು. ಕೋಳ ಬಿಚ್ಚಲು ಹೋದಾಗ ಆತನೇ ಪ್ರತಿರೋಧ ಒಡ್ಡಿದ ಎಂದರು. ಆದರೆ ಎರಡೂ ಕಡೆಯವರು ಒಪ್ಪಿದ ಸಂಗತಿಗಳೂ ಇವೆ. ಒಬ್ಬ ಸಿಬ್ಬಂದಿ ಆತನ ಬೆನ್ನ ಮೇಲೆ ಮೊಣಕಾಲೂರಿದ. ಕೈದಿ ಒರಟು ಮಾತಿನಲ್ಲಿ, ಎದ್ದೇಳು ಎಂದ. ಆಗ ಇನ್ನೊಬ್ಬ ಸಿಬ್ಬಂದಿ ಟೇಸರ್ ಎಂಬ ವಿದ್ಯುತ್ ಆಘಾತದ ಸಾಧನವನ್ನು ಆತನ ಬೆನ್ನಿಗೆ ಸುಮಾರು 5 ಸೆಕೆಂಡು ಒತ್ತಿ ಹಿಡಿದ. ಬಳಿಕ ಕೋಳ ಸಮೇತ ಆತನನ್ನು ಒಬ್ಬಂಟಿಯಾಗಿ ಬಿಟ್ಟು ಹೋದರು. ಸುಮಾರು 15 ನಿಮಿಷದ ಮೇಲೆ ಬಂದು ಕೋಳ ಬಿಚ್ಚಿದರು.

ಆತ ಮಾದಕ ವಸ್ತುವಿನ ಆರೋಪದಲ್ಲಿ ಬಂಧಿತನಾಗಿದ್ದ. ವಿಚಾರಣೆ ಇನ್ನೂ ನಡೆದಿರಲಿಲ್ಲ. ಅಂದರೆ ಕಾನೂನಿನ ಕಣ್ಣಿನಲ್ಲಿ ಆತ ಅಪರಾಧಿಯಾಗಿರಲಿಲ್ಲ. ವಕೀಲರ ನೆರವಿಲ್ಲದೆ ತಾನೇ ಅರ್ಜಿ ಬರೆದು, ಸಿಬ್ಬಂದಿಯ ಮೇಲೆ ಒಕ್ಕೂಟ ಸರ್ಕಾರದ ನ್ಯಾಯಾಲಯದಲ್ಲಿ ಸಿವಿಲ್ ದಾವೆ ಹೂಡಿದ. ‘ಕಿಂಗ್ಸ್ಲೀ ವಿರುದ್ಧ ಹೆಂಡ್ರಿಕ್ಸನ್’ ಎಂದು ಪ್ರಸಿದ್ಧವಾದ ಮೊಕದ್ದಮೆ ಇದು.

ಈ ದಾವೆಗೆ ಆಧಾರವಾದ ಕಾನೂನು 1871ರದ್ದು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯರನ್ನು ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಪಡೆ ಕೊಲ್ಲುತ್ತಿದ್ದಾಗ, ದಕ್ಷಿಣದ ರಾಜ್ಯಗಳ ಅಧಿಕಾರಿಗಳು ಕಣ್ಣುಮುಚ್ಚಿ ಕುಳಿತಿದ್ದ ಕಾಲವದು. ಸರ್ಕಾರಿ ಅಧಿಕಾರ ಬಳಸಿ ಯಾರಾದರೂ ನಿನ್ನ ಸಾಂವಿಧಾನಿಕ ಹಕ್ಕನ್ನು ಕಸಿದರೆ ನೀನೇ ಅವನ ಮೇಲೆ ದಾವೆ ಹೂಡಬಹುದು ಎಂದು ಆ ಕಾನೂನು ಹೇಳಿತು. ಮೊಕದ್ದಮೆ ನಡೆಸಲು ಪೊಲೀಸರ ದಯೆ ಬೇಡ, ಸರ್ಕಾರದ ಅಪ್ಪಣೆ ಬೇಡ. ಹೊಡೆಸಿಕೊಂಡವನೇ ಫಿರ್ಯಾದಿ, ಹೊಡೆದವನೇ ಪ್ರತಿವಾದಿ.

2012ರಲ್ಲಿ ಜ್ಯೂರಿಯ ಮುಂದೆ ವಿಚಾರಣೆ ನಡೆದು, ಕೈದಿ ಸೋತ. ಬಲಪ್ರಯೋಗ ಅತಿಯಾಗಿತ್ತು ಎಂದಷ್ಟೇ ಸಾಬೀತಾದರೆ ಸಾಲದು, ಅಪಾಯವಿದೆ ಎಂದು ತಿಳಿದೂ ಸಿಬ್ಬಂದಿ ಆತನ ಸುರಕ್ಷೆಯನ್ನು ಲೆಕ್ಕಿಸಲಿಲ್ಲ ಎಂಬುದೂ ಸಾಬೀತಾಗಬೇಕು ಎಂದು ನ್ಯಾಯಾಧೀಶರು ಜ್ಯೂರಿಗೆ ತಿಳಿಸಿದ್ದರು. ಅಂದರೆ ಹೊಡೆದವನ ಮನಸ್ಸಿನೊಳಗೆ ಇಳಿದು ನೋಡಬೇಕು. ಮೇಲ್ಮನವಿಯಲ್ಲೂ ಆತ ಸೋತ.

2015ರ ಜೂನ್ 22ರಂದು ಅಮೆರಿಕದ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಇದನ್ನು ತಿರುಗಿಸಿತು. ನ್ಯಾಯಮೂರ್ತಿ ಸ್ಟೀಫನ್ ಬ್ರೆಯರ್ ಬರೆದ ತೀರ್ಪಿನ ತಿರುಳು ಇಷ್ಟೆ: ವಿಚಾರಣಾಧೀನ ಕೈದಿಯ ವಿಷಯದಲ್ಲಿ ಸಿಬ್ಬಂದಿಯ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕಬೇಕಾಗಿಲ್ಲ. ಬೇಕೆಂದೇ ಪ್ರಯೋಗಿಸಿದ ಆ ಬಲ, ಆ ಸನ್ನಿವೇಶದಲ್ಲಿ ಸಮಂಜಸವಾಗಿತ್ತೇ ಎಂದು ನೋಡಿದರೆ ಸಾಕು. ಅಗತ್ಯವೆಷ್ಟಿತ್ತು, ಪ್ರಯೋಗಿಸಿದ ಬಲವೆಷ್ಟು? ಗಾಯ ಎಷ್ಟಾಯಿತು? ಬಲವನ್ನು ಮಿತಗೊಳಿಸುವ ಯತ್ನ ನಡೆಯಿತೇ? ಅಪಾಯ ಎಂಥದ್ದು? ಕೈದಿ ನಿಜಕ್ಕೂ ಪ್ರತಿರೋಧಿಸುತ್ತಿದ್ದನೇ? ಇವೆಲ್ಲ ಹೊರಗೆ ಕಾಣುವ, ಅಳೆಯಬಹುದಾದ ಸಂಗತಿಗಳು. ಕೈತಪ್ಪಿ ತಗುಲಿದ ಏಟಿಗೆ ಈ ಹೊಣೆ ಇಲ್ಲ.

ಹಾಗೆಂದು ಈ ತೀರ್ಪನ್ನು ಅತಿಯಾಗಿ ಕೊಂಡಾಡುವುದೂ ಬೇಡ. ಅದು ಆತನಿಗೆ ಪರಿಹಾರ ಕೊಡಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಸರಿಪಡಿಸಿ ಪ್ರಕರಣವನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು, ಅಷ್ಟೆ. ಶಿಕ್ಷೆಗೊಳಗಾದ ಕೈದಿಗಳಿಗೆ ಅಲ್ಲಿ ಇಂದಿಗೂ ಹಳೆಯ ಕಟು ನಿಯಮವೇ ಇದೆ. ಸಿಬ್ಬಂದಿ ಕೇಡು ಬಗೆದು, ಹಿಂಸಿಸಲೆಂದೇ ಹೊಡೆದರೆಂದು ಅವರು ಸಾಬೀತುಪಡಿಸಬೇಕು. 1996ರಲ್ಲಿ ಬಂದ ಇನ್ನೊಂದು ಕಾನೂನಿನ ಪ್ರಕಾರ ಕೈದಿ ಮೊದಲು ಜೈಲಿನೊಳಗಿನ ದೂರು ವ್ಯವಸ್ಥೆಯ ಮೆಟ್ಟಿಲುಗಳನ್ನೆಲ್ಲ ಹತ್ತಿಯೇ ನ್ಯಾಯಾಲಯಕ್ಕೆ ಬರಬೇಕು. ಹೊಡೆದವರ ಕಚೇರಿಗೇ ಮೊದಲ ದೂರು! ಇಷ್ಟು ಕೊರತೆಗಳಿದ್ದರೂ ಆ ತೀರ್ಪು ಹಿಡಿದ ದಾರಿ ಸರಿಯಾದುದು. ಜೈಲಿನೊಳಗಿನ ಏಟನ್ನು ಅಳೆಯಬೇಕಾದ್ದು ಹೊಡೆದವನ ಮನಸ್ಸಿನಿಂದಲ್ಲ, ಹೊಡೆಸಿಕೊಂಡವನ ಬೆನ್ನಿನಿಂದ.

ಇಲ್ಲಿ ನಮ್ಮವರೇ ಒಂದು ಪ್ರಶ್ನೆ ಎತ್ತಬಹುದು. ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆ ಎಂದಲ್ಲವೇ ನಾವು ಮದ್ರಸದಲ್ಲಿ ಕಲಿತ ಮೊದಲ ಪಾಠ? ಉದ್ದೇಶವನ್ನು ಬಿಟ್ಟು ಕೃತ್ಯವನ್ನಷ್ಟೇ ನೋಡುವುದು ನ್ಯಾಯವೇ?

ನಿಯ್ಯತ್ತಿನ ಲೆಕ್ಕ ಅಲ್ಲಾಹನ ಬಳಿ ಇದೆ. ಆದರೆ ಖಾಝಿಯ ಕೈಯಲ್ಲಿರುವುದು ಹೊರಗೆ ಕಾಣುವುದರ ಲೆಕ್ಕ ಮಾತ್ರ. ಎದೆಯೊಳಗಿನದನ್ನು ಬಗೆದು ನೋಡುವ ಅಧಿಕಾರ ಮನುಷ್ಯ ನ್ಯಾಯಾಧೀಶನಿಗಿಲ್ಲ ಎಂಬುದು ನಮ್ಮ ಫಿಕ್ಹ್‌ನ ಹಳೆಯ ತತ್ವ. ಬದರ್ ಯುದ್ಧದ ದಿನದ ಘಟನೆಯನ್ನು ಸೀರತ್ ಗ್ರಂಥಕಾರರು ದಾಖಲಿಸಿದ್ದಾರೆ. ಪ್ರವಾದಿ(ಸ) ಸೈನಿಕರ ಸಾಲನ್ನು ನೇರಗೊಳಿಸುತ್ತಿದ್ದರು. ಸಾಲಿನಿಂದ ಮುಂದೆ ಬಂದಿದ್ದ ಸವಾದ್(ರ) ಎಂಬ ಸಂಗಾತಿಯ ಹೊಟ್ಟೆಗೆ ಕೈಯಲ್ಲಿದ್ದ ಬಾಣದಿಂದ ತಿವಿದರು. ನನಗೆ ನೋವಾಯಿತು, ಪ್ರತೀಕಾರ ಕೊಡಿ ಎಂದು ಆ ಸಂಗಾತಿ ಕೇಳಿದರು. ಪ್ರವಾದಿ(ಸ) ತಮ್ಮ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ತೆಗೆದುಕೋ ಎಂದರು. ಸವಾದ್(ರ) ಹೊಡೆಯದೆ ಬಾಗಿ ಮುತ್ತಿಟ್ಟರು.

ಈ ಘಟನೆಯನ್ನು ನಾವು ಪ್ರೀತಿಯ ಕಥೆಯಾಗಿ ಮಾತ್ರ ಹೇಳಿಕೊಂಡು ಬಂದಿದ್ದೇವೆ. ಅದರಲ್ಲಿರುವ ಕಾನೂನನ್ನು ಗಮನಿಸಿಲ್ಲ. ಅಲ್ಲಿ ನಿಯ್ಯತ್ತಿನ ಬಗ್ಗೆ ಸಂಶಯವೇ ಇರಲಿಲ್ಲ. ಶಿಸ್ತಿನ ಅಗತ್ಯವೂ ನಿಜವಾಗಿತ್ತು, ಶತ್ರು ಎದುರಿಗೇ ಇದ್ದ. ಆದರೂ ‘ನನ್ನ ಉದ್ದೇಶ ಒಳ್ಳೆಯದಿತ್ತು’ ಎಂಬ ಉತ್ತರ ಬರಲಿಲ್ಲ. ನೋವಾದವನಿಗೆ ಕೇಳುವ ಹಕ್ಕಿದೆ ಎಂಬುದನ್ನು ಒಪ್ಪಿಕೊಳ್ಳಲಾಯಿತು. ಮುಂದೆ ಖಲೀಫ ಉಮರ್(ರ), ಜನರ ಮೈಮೇಲೆ ಹೊಡೆಯಲು ನಾನು ಅಧಿಕಾರಿಗಳನ್ನು ಕಳಿಸಿಲ್ಲ, ಹಾಗಾದವರು ನನ್ನ ಬಳಿ ಬಂದರೆ ಪ್ರತೀಕಾರ ಕೊಡಿಸುತ್ತೇನೆ ಎಂದು ಸಾರಿದರು. ಪ್ರಜೆಗಳನ್ನು ಶಿಸ್ತಿಗೆ ತರಲು ಹೊಡೆದರೂ ಹಾಗೆಯೇ ಮಾಡುವಿರಾ ಎಂದು ಅಮ್ರ್ ಬಿನ್ ಆಸ್(ರ) ಕೇಳಿದರು. ಹೌದು, ಪ್ರವಾದಿಯವರೇ(ಸ) ತಮ್ಮನ್ನು ಪ್ರತೀಕಾರಕ್ಕೆ ಒಡ್ಡಿಕೊಂಡದ್ದನ್ನು ನಾನು ಕಂಡಿದ್ದೇನೆ ಎಂದು ಉಮರ್(ರ) ಉತ್ತರಿಸಿದರೆಂದು ಹದೀಸ್ ಗ್ರಂಥಗಳಲ್ಲಿದೆ. ಜೈಲು ಸಿಬ್ಬಂದಿಯ ಪರವಾಗಿ ಇಂದಿಗೂ ಕೇಳಿಬರುವ ವಾದ ಅಮ್ರ್(ರ) ಅವರ ಆ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಟ್ಟು ಸುಮಾರು 1400 ವರ್ಷಗಳಾಗುತ್ತಾ ಬಂದವು.

ಈಗ ನಮ್ಮ ದೇಶದ ಕಡೆ ತಿರುಗೋಣ. ವಿಸ್ಕಾನ್ಸಿನ್‌ನ ಆ ಕೈದಿಯ ಸ್ಥಾನದಲ್ಲಿರುವವರು ಇಲ್ಲಿ ಲಕ್ಷಗಟ್ಟಲೆ ಇದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು! 2011ರ ಜನಗಣತಿಯಲ್ಲಿ ಮುಸ್ಲಿಮರ ಪ್ರಮಾಣ ಶೇ. 14.2 ಇತ್ತು. ವಿಚಾರಣಾಧೀನ ಕೈದಿಗಳಲ್ಲಿ ಅವರ ಪಾಲು ಅದಕ್ಕಿಂತ ಹೆಚ್ಚಿರುವುದನ್ನು ಬ್ಯೂರೋದ ಅಂಕಿಅಂಶಗಳೇ ತೋರಿಸುತ್ತಾ ಬಂದಿವೆ. ಇವರೊಂದಿಗೆ ದಲಿತರೂ ಆದಿವಾಸಿಗಳೂ ಇದ್ದಾರೆ. ಇದನ್ನು ಒಂದು ಸಮುದಾಯದ ಅಳಲೆಂದು ತಳ್ಳಿಹಾಕುವವರು ಜೈಲಿನ ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ.

ಇವರಲ್ಲೊಬ್ಬನಿಗೆ ವಾರ್ಡರ್ ಹೊಡೆದರೆ ಏನು ದಾರಿ? ನಮ್ಮ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಜಗತ್ತೇ ಮೆಚ್ಚುವ ಮಾತುಗಳನ್ನಾಡಿದೆ. ತಿಹಾರ್ ಜೈಲಿನ ಕೈದಿಯೊಬ್ಬ, ಇನ್ನೊಬ್ಬ ಕೈದಿಯನ್ನು ಹೆಡ್ ವಾರ್ಡರ್ ಹಣಕ್ಕಾಗಿ ಲಾಠಿಯಿಂದ ಹಿಂಸಿಸಿದ್ದನ್ನು ಪತ್ರದಲ್ಲಿ ಬರೆದಾಗ, ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪೀಠ 1979ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಸುನಿಲ್ ಬಾತ್ರಾ ಪ್ರಕರಣವೆಂದು ಅದು ಹೆಸರಾಗಿದೆ. 1983ರ ರುದುಲ್ ಸಾಹ್ ಪ್ರಕರಣದಲ್ಲಿ, ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿ ಕೊಳೆತವನಿಗೆ ಬಿಹಾರ ಸರ್ಕಾರ ಒಟ್ಟು 35,000 ರೂಪಾಯಿ ಕೊಡುವಂತಾಯಿತು. 1993ರಲ್ಲಿ ನೀಲಾವತಿ ಬೆಹೆರಾ ಪ್ರಕರಣದಲ್ಲಿ, ಪೊಲೀಸ್ ವಶದಲ್ಲಿದ್ದಾಗ ಸತ್ತ ಮಗನಿಗಾಗಿ ತಾಯಿಗೆ 1,50,000 ರೂಪಾಯಿ ಪರಿಹಾರ ಬಂತು.

ಇವೆಲ್ಲ ದೊಡ್ಡ ತೀರ್ಪುಗಳೇ. ಆದರೆ ಇವು ರಿಟ್ ಅರ್ಜಿಯ ಫಲಗಳು, ಉನ್ನತ ನ್ಯಾಯಾಲಯದ ಬಾಗಿಲು ತಲುಪಿದ ಕೆಲವರ ಭಾಗ್ಯ. ದುಡ್ಡು ಕಟ್ಟಿದ್ದು ಸರ್ಕಾರದ ಖಜಾನೆ, ಅಂದರೆ ನಾವು ನೀವು. ರುದುಲ್ ಸಾಹ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ, ಈ ಮೊತ್ತ ಅಂತಿಮವಲ್ಲ, ಪೂರ್ಣ ಪರಿಹಾರಕ್ಕೆ ಸಿವಿಲ್ ದಾವೆ ಹೂಡುವ ಹಕ್ಕು ಉಳಿದಿದೆ ಎಂದು ಹೇಳಿತ್ತು. ಆ ಹಕ್ಕಿನ ದಾರಿಯನ್ನು ಒಮ್ಮೆ ನಡೆದು ನೋಡಿ. ಕರ್ತವ್ಯದ ಹೆಸರಿನಲ್ಲಿ ನಡೆದ ಕೃತ್ಯಕ್ಕಾಗಿ ಸರ್ಕಾರದ ಅಥವಾ ಸರ್ಕಾರಿ ನೌಕರನ ಮೇಲೆ ದಾವೆ ಹೂಡಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಎರಡು ತಿಂಗಳ ಮುಂಚಿತ ನೋಟಿಸ್ ಕೊಡಬೇಕು. ಕಾನೂನಿನ ಅನ್ವಯ ಮಾಡಿದ್ದೆಂದು ಹೇಳಲಾಗುವ ಕೃತ್ಯಕ್ಕೆ ಪರಿಹಾರ ಕೇಳಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಒಂದೇ ವರ್ಷ. ಆ ವರ್ಷವನ್ನು ಕೈದಿ ಕಳೆಯುವುದೆಲ್ಲಿ? ಹೊಡೆದವರ ಕಾವಲಿನಲ್ಲಿ. ನೋಟಿಸಿಗೆ ಸಹಿ ಹಾಕಬೇಕಾದದ್ದು ಅವರ ಕಣ್ಣೆದುರಿಗೆ. ಸಾಕ್ಷಿ ಹೇಳಬೇಕಾದವರು ಪಕ್ಕದ ಕೋಣೆಯ ಕೈದಿಗಳು. ಗಾಯದ ದಾಖಲೆ ಇರುವುದು ಜೈಲಿನ ಆಸ್ಪತ್ರೆಯಲ್ಲಿ.

ಕ್ರಿಮಿನಲ್ ಕಾನೂನು ಇಲ್ಲವೇ ಎನ್ನಬಹುದು. ಇದೆ. ಆದರೆ ಅಲ್ಲಿಯೂ ಮತ್ತೆ ಅದೇ ಪ್ರಶ್ನೆ: ಯಾಕೆ ಹೊಡೆದ, ಏನೆಂದುಕೊಂಡು ಹೊಡೆದ? ತಪ್ಪೊಪ್ಪಿಗೆಗಾಗಿ ಹೊಡೆದರೆ ಕಠಿಣ ಶಿಕ್ಷೆಯ ಕಲಂ ಹಿಂದೆ ಐಪಿಸಿಯಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಆದರೆ ಎದುರು ಮಾತಾಡಿದ್ದಕ್ಕೆ, ಮಾಮೂಲು ಕೊಡದಿದ್ದಕ್ಕೆ, ಸುಮ್ಮನೆ ಹೆದರಿಸುವುದಕ್ಕೆ ಹೊಡೆದರೆ? ಆಗ ಉಳಿಯುವುದು ಬೀದಿ ಜಗಳಕ್ಕೂ ಅನ್ವಯಿಸುವ ಸಾಮಾನ್ಯ ಹಲ್ಲೆಯ ಕಲಂ. ಮೇಲಿನ ದರ್ಜೆಯ ಅಧಿಕಾರಿಯಾದರೆ, ಕರ್ತವ್ಯದ ಸಂದರ್ಭದ ಕೃತ್ಯವೆಂದು ಸರ್ಕಾರದ ಪೂರ್ವಾನುಮತಿಯ ಗೋಡೆ ಅಡ್ಡ ನಿಲ್ಲುತ್ತದೆ. ಹಳೆಯ 197ನೇ ಕಲಂ ಈಗ ನಾಗರಿಕ ಸುರಕ್ಷಾ ಸಂಹಿತೆಯ 218 ಆಗಿದೆ. ಸಂಖ್ಯೆ ಬದಲಾಯಿತು, ಗೋಡೆ ಹೋಗಲಿಲ್ಲ.

ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅದನ್ನು ಅನುಮೋದಿಸಲಿಲ್ಲ. 2010ರಲ್ಲಿ ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಅಂಗೀಕರಿಸಿತು. ಅದರಲ್ಲೂ ಮಾಹಿತಿ ಅಥವಾ ತಪ್ಪೊಪ್ಪಿಗೆ ಪಡೆಯುವ ಉದ್ದೇಶವಿದ್ದರೆ ಮಾತ್ರ ಶಿಕ್ಷೆ. ದೂರು ಕೊಡಲು ಆರೇ ತಿಂಗಳು. ಆ ಅರೆಬರೆ ಮಸೂದೆ ಕೂಡ ರಾಜ್ಯಸಭೆಯನ್ನು ದಾಟದೆ ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಹೊಸ ಮಸೂದೆಯ ಕರಡನ್ನೇ ಬರೆದುಕೊಟ್ಟಿತು. ಅದೂ ಕಡತ ಸೇರಿತು.

ವಿಪರ್ಯಾಸ ನೋಡಿ. ಬಂಧನದಲ್ಲಿ ಒಬ್ಬ ಸತ್ತರೆ 24 ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲೇ ಸೂಚಿಸಿದೆ. ಸಾಯುವಷ್ಟು ಹೊಡೆಯದಿದ್ದರೆ? ಆ ಏಟಿಗೆ ಲೆಕ್ಕವಿಲ್ಲ, ವರದಿಯಿಲ್ಲ. ನಮ್ಮ ವ್ಯವಸ್ಥೆಯ ಕಣ್ಣಿಗೆ ಬೀಳಲು ಕೈದಿ ಸಾಯಲೇಬೇಕು.

ಸರ್ಕಾರವನ್ನಷ್ಟೇ ಬೈದು ಮುಗಿಸಿದರೆ ಈ ಲೇಖನ ಪ್ರಾಮಾಣಿಕವಾಗದು. ನಾವೇನು ಮಾಡುತ್ತಿದ್ದೇವೆ? ಸಮುದಾಯದ ಹುಡುಗನೊಬ್ಬ ಜೈಲಿನಲ್ಲಿ ಏಟು ತಿಂದನೆಂದರೆ ನಾವು ಮೊದಲು ಕೇಳುವುದು, ಅವನು ‘ಅಮಾಯಕ’ನೇ ಎಂದು. ಭಯೋತ್ಪಾದನೆಯ ಸುಳ್ಳು ಮೊಕದ್ದಮೆಯಾದರೆ ಸಭೆ ಸೇರುತ್ತೇವೆ, ಮನವಿ ಕೊಡುತ್ತೇವೆ, ಚಂದಾ ಎತ್ತುತ್ತೇವೆ. ಅದು ಬೇಕಾದದ್ದೇ. ಆದರೆ ಗಾಂಜಾ ಪ್ರಕರಣದವನು, ಕಳ್ಳತನದವನು, ಬೀದಿ ಜಗಳದವನು ಏಟು ತಿಂದರೆ? ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಮುಖ ತಿರುಗಿಸುತ್ತೇವೆ. ಅವನ ತಾಯಿ ಜಮಾಅತ್ ಕಚೇರಿಯ ಮೆಟ್ಟಿಲಲ್ಲಿ ಕುಳಿತಿದ್ದರೆ, ಜಾಮೀನು ಸಿಕ್ಕಿತಲ್ಲ, ಅಲ್ಲಾಹನ ಮೇಲೆ ಬಿಟ್ಟುಬಿಡಮ್ಮ ಎಂದು ಕಳಿಸುತ್ತೇವೆ.

ವಿಸ್ಕಾನ್ಸಿನ್‌ನ ಆ ಕೈದಿ ಸಂತನೇನಲ್ಲ. ಮಾದಕ ವಸ್ತುವಿನ ಆರೋಪಿ, ಮೊಂಡ, ಬಾಯಿ ಒರಟು. ನಾಲ್ಕು ಬಾರಿ ಹೇಳಿದರೂ ಒಂದು ಕಾಗದ ತೆಗೆಯದವನು. ಅಂಥವನ ಹೆಸರಿನಲ್ಲೇ ಅಲ್ಲಿನ ಲಕ್ಷಾಂತರ ವಿಚಾರಣಾಧೀನರಿಗೆ ರಕ್ಷಣೆ ಕೊಡುವ ನಿಯಮ ಹುಟ್ಟಿತು. ಒಳ್ಳೆಯವರಿಗೆ ಮಾತ್ರ ಸಿಗುವ ರಕ್ಷಣೆಗೆ ಹಕ್ಕು ಎನ್ನುವುದಿಲ್ಲ, ಬಹುಮಾನ ಎನ್ನುತ್ತಾರೆ. ನಾವು ಅಮಾಯಕರಿಗಾಗಿ ಮಾತ್ರ ಮಾತಾಡುವಷ್ಟು ಕಾಲ, ಅಮಾಯಕನಲ್ಲದವನಿಗೆ ಹೊಡೆಯಬಹುದೆಂದು ಒಪ್ಪಿಕೊಂಡಂತೆಯೇ. ಆಮೇಲೆ ಯಾರು ಅಮಾಯಕ, ಯಾರಲ್ಲ ಎಂದು ತೀರ್ಮಾನಿಸುವವನು ಲಾಠಿ ಹಿಡಿದವನು.

ಜೈಲಿನಲ್ಲಿ ಶಿಸ್ತು ಬೇಡವೇ, ಸಿಬ್ಬಂದಿ ಕೈಕಟ್ಟಿ ನಿಲ್ಲಬೇಕೇ ಎಂದು ಕೇಳುವವರಿದ್ದಾರೆ. ಕಿಕ್ಕಿರಿದ ಜೈಲುಗಳಲ್ಲಿ, ಖಾಲಿ ಬಿದ್ದ ಹುದ್ದೆಗಳ ನಡುವೆ ಕಡಿಮೆ ಸಂಬಳಕ್ಕೆ ದುಡಿಯುವ ವಾರ್ಡರುಗಳ ಕಷ್ಟ ಸುಳ್ಳಲ್ಲ. ಆದರೆ ಜಗಳ ಬಿಡಿಸಲು ಹಿಡಿದೆಳೆದ ಕೈಯನ್ನು ಯಾರೂ ಪ್ರಶ್ನಿಸುತ್ತಿಲ್ಲ. ಕೋಳ ತೊಡಿಸಿ ಬೋರಲು ಮಲಗಿಸಿದ ಮೇಲಿನ ಏಟನ್ನು ಪ್ರಶ್ನಿಸುತ್ತಿದ್ದೇವೆ. ಅಮೆರಿಕದ ಆ ತೀರ್ಪು ಕೂಡ, ಸ್ಥಳದಲ್ಲಿದ್ದ ವಿವೇಕಿ ಸಿಬ್ಬಂದಿಯ ಕಣ್ಣಿನಿಂದಲೇ ನೋಡಬೇಕು, ಆಮೇಲಿನ ಜಾಣತನದಿಂದಲ್ಲ ಎಂದು ಎಚ್ಚರಿಸಿದೆ. ಹೊರಗೆ ಕಾಣುವ ಅಳತೆಗೋಲು ಪ್ರಾಮಾಣಿಕ ವಾರ್ಡರನ್ನೂ ಕಾಯುತ್ತದೆ.

ಅಬೂ ಗರೀಬ್ ನಡೆಸಿದ ದೇಶದಿಂದ ನಾವು ಕಲಿಯುವುದೇನಿದೆ ಎಂಬ ಸಿಟ್ಟೂ ನನಗೆ ಅರ್ಥವಾಗುತ್ತದೆ. 2004ರಲ್ಲಿ ಆ ಚಿತ್ರಗಳನ್ನು ಕಂಡವರಾರೂ ಅವನ್ನು ಮರೆತಿರಲಾರರು. ಆದರೆ ಆ ಜೈಲಿನಲ್ಲಿದ್ದ ಮೂವರು ಇರಾಕಿಗಳು, ಒಬ್ಬ ಶಾಲಾ ಮುಖ್ಯೋಪಾಧ್ಯಾಯ, ಒಬ್ಬ ಪತ್ರಕರ್ತ, ಒಬ್ಬ ಹಣ್ಣಿನ ವ್ಯಾಪಾರಿ, ಅಲ್ಲಿಗೆ ವಿಚಾರಣಾಧಿಕಾರಿಗಳನ್ನು ಒದಗಿಸಿದ್ದ ಸಿಎಸಿಐ ಎಂಬ ಕಂಪನಿಯ ಮೇಲೆ ದಾವೆ ಹೂಡಿದ್ದರು. 2008ರಲ್ಲಿ ಶುರುವಾದ ಆ ಮೊಕದ್ದಮೆಯಲ್ಲಿ 2024ರ ನವೆಂಬರಿನಲ್ಲಿ ವರ್ಜೀನಿಯಾದ ಜ್ಯೂರಿ ಅವರಿಗೆ 4 ಕೋಟಿ 20 ಲಕ್ಷ ಡಾಲರ್ ಕೊಡಬೇಕೆಂದಿತು. ಕಂಪನಿ ಮೇಲ್ಮನವಿಗೆ ಹೋಯಿತು. ಈ 16 ವರ್ಷಗಳಲ್ಲಿ ಅಮೆರಿಕದ ಸರ್ಕಾರ ಆ ಮೂವರಿಗೆ ದಯೆ ತೋರಿಸಲಿಲ್ಲ. ಅವರು ದಯೆ ಕೇಳಲೂ ಇಲ್ಲ, ಲೆಕ್ಕ ಕೇಳಿದರು.

ನಾವೂ ಲೆಕ್ಕ ಕೇಳುವುದನ್ನು ಕಲಿಯಬೇಕು. ಜೈಲಿನೊಳಗಿನ ಏಟಿಗೆ ಪರಿಹಾರ ಕೇಳಲು ಪ್ರತ್ಯೇಕ ಕಾನೂನು ಬರಲಿ. ಅದರಲ್ಲಿ ಉದ್ದೇಶದ ಷರತ್ತು ಬೇಡ, ಪೂರ್ವಾನುಮತಿ ಬೇಡ. ಕೈದಿ ಹೊರಬಂದ ದಿನದಿಂದ ಕಾಲಮಿತಿ ಲೆಕ್ಕವಾಗಲಿ. ಕೈದಿಯ ಮೈಮೇಲೆ ಗಾಯ ಕಂಡರೆ, ಅದು ಹೇಗಾಯಿತೆಂದು ಹೇಳುವ ಹೊಣೆ ಜೈಲಿನದ್ದಾಗಲಿ. ಜೈಲಿನ ವೈದ್ಯಕೀಯ ದಾಖಲೆಯ ಪ್ರತಿ ಅದೇ ವಾರ ವಕೀಲರ ಕೈ ಸೇರಲಿ. ಪರಿಹಾರದ ಒಂದು ಪಾಲು ತಪ್ಪಿತಸ್ಥನ ಸಂಬಳದಿಂದ ಬರಲಿ.

ಕಾನೂನು ಬರುವ ತನಕ ಕಾಯಬೇಕಾಗಿಯೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂಧನದಲ್ಲಿರುವ ಪ್ರತಿಯೊಬ್ಬನಿಗೂ ಉಚಿತ ನೆರವಿನ ಹಕ್ಕು ಕೊಟ್ಟಿದೆ. ಅದು ಜಾಮೀನಿಗೆ ಮಾತ್ರ ಸೀಮಿತವಲ್ಲ, ದಾವೆ ಹೂಡುವುದಕ್ಕೂ ಇದೆ. ನಮ್ಮ ಜಮಾಅತ್‌ಗಳು ಝಕಾತಿನ, ಸದಕಾದ ಲೆಕ್ಕ ಬರೆಯುವಷ್ಟೇ ಶ್ರದ್ಧೆಯಿಂದ, ಜೈಲಿನಿಂದ ಬಂದವರ ಗಾಯದ ಲೆಕ್ಕವನ್ನೂ ಬರೆದಿಡಲಿ: ದಿನಾಂಕ, ಹೊತ್ತು, ಹೊಡೆದವನ ಹೆಸರು, ಕಂಡವರ ಹೆಸರು. ಊರಿಗೆ ಇಬ್ಬರಾದರೂ ಯುವ ವಕೀಲರು ಈ ಕೆಲಸಕ್ಕೆ ನಿಲ್ಲಲಿ. ಜಾತಿ, ಧರ್ಮ ಕೇಳದೆ ನಿಲ್ಲಲಿ. ಅವನು ಅಮಾಯಕನೇ ಎಂದು ಕೇಳದೆಯೂ ನಿಲ್ಲಲಿ. ಮುಂದಿನ ಬಾರಿ ಆ ತಾಯಿ ಮೆಟ್ಟಿಲಲ್ಲಿ ಬಂದು ಕುಳಿತಾಗ, ಅಲ್ಲಾಹನ ಮೇಲೆ ಬಿಡಮ್ಮ ಎನ್ನುವ ಮೊದಲು ಕಾಗದ, ಪೆನ್ನು ತೆಗೆದುಕೊಂಡು ಮಗನ ಮೈಮೇಲೆ ಎಲ್ಲೆಲ್ಲಿ ಗಾಯವಾಗಿದೆ ಎಂದು ಕೇಳೋಣ.